ಕಡಲಿಗೆ ಬಿದ್ದ ಡ್ರೋನ್: ಉಳಿಸಬಹುದಾದದ್ದು ಯಾವುದು, ಕೈಬಿಡಬೇಕಾದದ್ದು ಯಾವುದು

ಕಡಲಿಗೆ ಬಿದ್ದ ಡ್ರೋನನ್ನು ಐದಾರು ನಿಮಿಷಗಳಲ್ಲಿ ಮೇಲೆತ್ತಿದಾಗ ಅದರ ದೀಪಗಳು ಇನ್ನೂ ಮಿನುಗುತ್ತಿದ್ದರೆ ಹಾರಿಸಿದವರಿಗೆ ಹೋದ ಜೀವ ಮರಳಿ ಬಂದಂತಾಗುತ್ತದೆ. ಆದರೆ ಆ ಹೊತ್ತಿನಲ್ಲಿ ಡ್ರೋನನ್ನು ಒಳಗಿನಿಂದ ತಿನ್ನುತ್ತಿರುವುದು ಆ ದೀಪವನ್ನು ಉರಿಸುತ್ತಿರುವ ವಿದ್ಯುತ್ತೇ. ಸಿಹಿನೀರಿನ ಕೆರೆಗೆ ಬಿದ್ದ ಡ್ರೋನ್ ಚೆನ್ನಾಗಿ ಒಣಗಿದ ಮೇಲೆ ಏನೂ ಆಗಿಲ್ಲವೆಂಬಂತೆ ಹಾರುವುದುಂಟು. ಕಡಲ ನೀರಿನಲ್ಲಿ ಅಂಥ ಅದೃಷ್ಟ ಅಪರೂಪ, ಏಕೆಂದರೆ ಅಲ್ಲಿ ಉಪ್ಪೂ ವಿದ್ಯುತ್ತೂ ಜೊತೆಗೂಡಿ ಕೆಲಸ ಮಾಡುತ್ತವೆ. ಆದ್ದರಿಂದ ಮೊದಲು ವಿದ್ಯುತ್ತನ್ನು ಕಡಿಯಬೇಕು, ಆಮೇಲೆ ಉಪ್ಪನ್ನು ತೊಳೆಯಬೇಕು, ಕೊನೆಗೆ ನೀರನ್ನು ಆರಿಸಬೇಕು. ಹೆಚ್ಚಿನವರು ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲು ಒಣಗಿಸಲು ಹೊರಡುತ್ತಾರೆ. ಡ್ರೋನಿನ ದೇಹಕ್ಕೆ ಈ ಮೂರೂ ಹೆಜ್ಜೆಗಳನ್ನು ಅನ್ವಯಿಸಬಹುದು. ಬ್ಯಾಟರಿಗೆ ಮೊದಲನೆಯ ಹೆಜ್ಜೆಯನ್ನೇ ಇಡಲಾಗುವುದಿಲ್ಲ, ಏಕೆಂದರೆ ಸೆಲ್‌ಗಳ ಒಳಗಿನ ವಿದ್ಯುತ್ತನ್ನು ನಿಲ್ಲಿಸುವ ಗುಂಡಿ ಎಲ್ಲೂ ಇಲ್ಲ. ಡ್ರೋನನ್ನು ಉಳಿಸಲು ಪ್ರಯತ್ನಿಸಬಹುದು, ಬ್ಯಾಟರಿಯನ್ನು ಉಳಿಸಲು ಹೋಗಬಾರದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಹೀಗಾಗಿ ಅದು ವಿದ್ಯುತ್ತನ್ನು ಸಾಮಾನ್ಯ ಕುಡಿಯುವ ನೀರಿಗಿಂತ ನೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಸಲೀಸಾಗಿ ಹರಿಯಬಿಡುತ್ತದೆ. ನೀರನ್ನು ವಿದ್ಯುತ್ತಿನಿಂದ ಒಡೆಯಲು ಸಿದ್ಧಾಂತದ ಪ್ರಕಾರ ಬೇಕಾಗುವುದು 1.23 ವೋಲ್ಟ್ ಮಾತ್ರ. ಮೂರು ಸೆಲ್‌ಗಳ ಸಾಮಾನ್ಯ ಡ್ರೋನ್ ಬ್ಯಾಟರಿ ಕೊಡುವುದು 11.1 ವೋಲ್ಟ್. ಎಂದರೆ ನೀರಿಗೆ ಬಿದ್ದ ಕ್ಷಣದಿಂದ ಸರ್ಕ್ಯೂಟ್ ಬೋರ್ಡಿನ ಮೇಲೆ ಸಾವಿರಾರು ಪುಟ್ಟ ವಿದ್ಯುದ್ವಿಭಜನೆಯ ಕೋಶಗಳು ಕೆಲಸ ಶುರುಮಾಡುತ್ತವೆ. ಧನ ತುದಿಯಲ್ಲಿರುವ ತಾಮ್ರ ಕರಗಿ ನೀರಿಗೆ ಇಳಿಯುತ್ತದೆ, ಋಣ ತುದಿಯಲ್ಲಿ ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ. ಇದು ಎಷ್ಟು ಬೇಗ ನಡೆಯುತ್ತದೆ ಎಂಬುದನ್ನು ಶಾಲೆಯಲ್ಲಿ ಕಲಿತ ಫ್ಯಾರಡೆಯ ನಿಯಮದಿಂದಲೇ ಲೆಕ್ಕ ಹಾಕಬಹುದು. ಬೋರ್ಡಿನ ಮೇಲಿನ ತಾಮ್ರದ ಗೆರೆ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪ ಇರುತ್ತದೆ. 0.2 ಮಿಲಿಮೀಟರ್ ಅಗಲದ ಅಂಥ ಗೆರೆಯ ಒಂದು ಸೆಂಟಿಮೀಟರ್ ತುಂಡಿನ ತೂಕ 0.63 ಮಿಲಿಗ್ರಾಂ. ಅದರಿಂದ ಕೇವಲ 10 ಮಿಲಿಆಂಪಿಯರ್ ವಿದ್ಯುತ್ತು ನೀರಿಗೆ ಸೋರಿದರೂ ಸುಮಾರು ಮೂರು ನಿಮಿಷಗಳಲ್ಲಿ ಆ ತುಂಡು ಪೂರ್ತಿಯಾಗಿ ಕರಗಬಲ್ಲದು. ಬೋರ್ಡಿನ ಮೇಲಿನ ಹಸಿರು ಲೇಪನ ಬಹುಭಾಗವನ್ನು ಕಾಪಾಡುತ್ತದೆ ಎಂಬುದು ನಿಜ, ಆದರೆ ಬೆಸುಗೆ ಹಾಕಿದ ತುದಿಗಳಿಗೂ ಕನೆಕ್ಟರ್ ಪಿನ್‌ಗಳಿಗೂ ಆ ರಕ್ಷಣೆ ಇಲ್ಲ.

ಹೀಗೆ ಹಾಳಾದ ಒಂದು ಬೋರ್ಡನ್ನು ನಾನು ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದ್ದೇನೆ. ಬ್ಯಾಟರಿಯ ಕನೆಕ್ಟರಿನಲ್ಲಿ ಎರಡು ಪಿನ್‌ಗಳು ಅಕ್ಕಪಕ್ಕದಲ್ಲಿದ್ದವು. ಒಂದೇ ಲೋಹ, ಒಂದೇ ನೀರು, ಮುಳುಗಿದ್ದ ಹೊತ್ತೂ ಒಂದೇ. ಋಣ ಪಿನ್ ಹೊಸದರಂತೆ ಹೊಳೆಯುತ್ತಿತ್ತು. ಧನ ಪಿನ್ ಇದ್ದ ಜಾಗದಲ್ಲಿ ಕಿಲುಬು ಹಿಡಿದ ಒಂದು ಮೊಂಡು ತುದಿ, ಅದರ ಬುಡದಲ್ಲಿ ಪುಡಿಪುಡಿಯಾದ ಹಸಿರು ಗುಪ್ಪೆ. ಬರೀ ನೀರಿನಿಂದ ಕಿಲುಬು ಹಿಡಿದಿದ್ದರೆ ಎರಡೂ ಪಿನ್‌ಗಳಿಗೆ ಸಮನಾಗಿ ಹಿಡಿಯಬೇಕಿತ್ತು. ಒಂದನ್ನು ತಿಂದು ಇನ್ನೊಂದನ್ನು ಕಾಯ್ದಿರುವುದೇ ಇದು ವಿದ್ಯುತ್ತಿನ ಕೆಲಸವೆಂಬುದಕ್ಕೆ ಗುರುತು. ನಿಮ್ಮ ಡ್ರೋನನ್ನು ಬಿಚ್ಚಿದಾಗ ಇಂಥ ಜೋಡಿ ಕಂಡರೆ, ಅದು ನೀರಿನಲ್ಲಿದ್ದಷ್ಟು ಹೊತ್ತೂ ಬ್ಯಾಟರಿಯ ಸಂಪರ್ಕ ಉಳಿದಿತ್ತೆಂದು ತಿಳಿಯಬೇಕು.

ಉಪ್ಪಿನ ಎರಡನೆಯ ಆಟ ಒಣಗಿದ ಮೇಲೆ ಶುರುವಾಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರು ಬಿಡುವುದನ್ನು ಎಲ್ಲರೂ ಕಂಡಿದ್ದೇವೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಸೋಡಿಯಂ ಕ್ಲೋರೈಡ್ ತಾನಾಗಿ ನೀರು ಹೀರಿ ಕರಗುತ್ತದೆ. ಕಡಲ ಉಪ್ಪಿನಲ್ಲಿ ಅದರ ಜೊತೆಗಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33ರಷ್ಟು ತೇವಾಂಶವೇ ಸಾಕು. ಆದ್ದರಿಂದ ತೊಳೆಯದೆ ಒಣಗಿಸಿದ ಡ್ರೋನ್ ನಿಜವಾಗಿ ಒಣಗುವುದೇ ಇಲ್ಲ. ಬಿಸಿಲಿನಲ್ಲಿ ಒಣಗಿದಂತೆ ಕಾಣುತ್ತದೆ, ರಾತ್ರಿ ಮತ್ತೆ ಒಳಗೊಳಗೇ ಜಿನುಗುತ್ತದೆ, ಮರುದಿನ ಬ್ಯಾಟರಿ ಹಾಕಿದ ಕೂಡಲೇ ತಾಮ್ರ ಕರಗುವ ಕೆಲಸ ನಿಂತಲ್ಲಿಂದ ಮುಂದುವರಿಯುತ್ತದೆ. ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುವ ಪ್ರಸಿದ್ಧ ಉಪಾಯಕ್ಕೆ ಇಲ್ಲಿ ಅರ್ಥವಿಲ್ಲದಿರುವುದು ಇದಕ್ಕಾಗಿಯೇ. ಅಕ್ಕಿ ಅಲ್ಪಸ್ವಲ್ಪ ತೇವವನ್ನು ಎಳೆದುಕೊಂಡೀತು, ಆದರೆ ಉಪ್ಪಿನ ಒಂದು ಕಣವನ್ನೂ ಹೊರಗೆ ತರಲಾರದು. ಹತ್ತು ದಿನ ಸರಿಯಾಗಿ ಹಾರಿ ಹನ್ನೊಂದನೆಯ ದಿನ ಕಲ್ಲಿನಂತೆ ಬೀಳುವ ಡ್ರೋನ್‌ಗಳ ಕಥೆ ಬಹುಪಾಲು ಹೀಗೆಯೇ ಇರುತ್ತದೆ.

ಮೇಲೆತ್ತಿದ ಕೂಡಲೇ ಮಾಡಬೇಕಾದ ಕೆಲಸ ಒಂದೇ, ಬ್ಯಾಟರಿಯನ್ನು ಹೊರತೆಗೆಯುವುದು. ಆನ್ ಆಗುತ್ತದೆಯೇ ಎಂದು ಪರೀಕ್ಷಿಸಬಾರದು, ವಿಡಿಯೊ ಉಳಿದಿದೆಯೇ ಎಂದು ನೋಡಬಾರದು. ಗುಂಡಿ ಒತ್ತಿ ಆಫ್ ಮಾಡಿದರೆ ಸಾಕೆಂಬ ಭಾವನೆಯೂ ತಪ್ಪು, ಏಕೆಂದರೆ ಒದ್ದೆಯಾದ ನಿಯಂತ್ರಣ ಬೋರ್ಡ್ ಆ ಗುಂಡಿಯ ಮಾತನ್ನು ಕೇಳುತ್ತದೆಂಬ ಭರವಸೆ ಇಲ್ಲ. ಆದರೆ ತೆಗೆಯುವ ಮೊದಲು ಎರಡು ಗಳಿಗೆ ನಿಂತು ಬ್ಯಾಟರಿಯನ್ನು ಗಮನಿಸಬೇಕು. ಅದು ಉಬ್ಬಿದ್ದರೆ, ಮುಟ್ಟಿದಾಗ ಬಿಸಿ ಎನಿಸಿದರೆ, ಬುಸ್ ಎಂಬ ಸದ್ದು ಬರುತ್ತಿದ್ದರೆ, ಹೊಗೆ ಅಥವಾ ಉಗುರುಬಣ್ಣದಂಥ ಸಿಹಿಮಿಶ್ರಿತ ಘಾಟು ಬರುತ್ತಿದ್ದರೆ, ಡ್ರೋನನ್ನೂ ಸೇರಿಸಿ ಅಲ್ಲಿಯೇ ಬಿಟ್ಟು ದೂರ ಸರಿಯಬೇಕು. ಡ್ರೋನಿನ ಬೆಲೆ ಎಷ್ಟೇ ಇರಲಿ, ಕೈಬೆರಳುಗಳ ಲೆಕ್ಕ ಬೇರೆ.

ಈಗ ಬ್ಯಾಟರಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಡ್ರೋನ್‌ಗಳಲ್ಲಿ ಹೆಚ್ಚಾಗಿ ಬಳಸುವುದು ಲಿಥಿಯಂ ಪಾಲಿಮರ್ ಬ್ಯಾಟರಿ. ಇದರ ಪ್ರತಿಯೊಂದು ಸೆಲ್ ಪ್ಲಾಸ್ಟಿಕ್ ಮೆತ್ತಿದ ಅಲ್ಯೂಮಿನಿಯಂ ಹಾಳೆಯ ತೆಳುವಾದ ಚೀಲ. ಪೂರ್ತಿ ಚಾರ್ಜ್ ಆದಾಗ ಒಂದು ಸೆಲ್ಲಿನಲ್ಲಿ 4.2 ವೋಲ್ಟ್ ಇರುತ್ತದೆ. ಇಂಥ ಮೂರು ನಾಲ್ಕು ಚೀಲಗಳನ್ನು ಜೋಡಿಸಿ, ತಲೆಯ ಮೇಲೆ ಒಂದು ಪುಟ್ಟ ಕಾವಲು ಬೋರ್ಡನ್ನು ಕೂರಿಸಿ, ಗಟ್ಟಿ ಪ್ಲಾಸ್ಟಿಕ್ಕಿನ ಹೊರಕವಚ ಹಾಕಿರುತ್ತಾರೆ. ಆ ಕವಚ ಜಲನಿರೋಧಕವಲ್ಲ. ಬ್ಯಾಟರಿ ಆಫ್ ಆಗಿದೆ ಎಂದರೆ ಕಾವಲು ಬೋರ್ಡ್ ಹೊರಗಿನ ಪಿನ್‌ಗಳಿಗೆ ಹೋಗುವ ದಾರಿಯನ್ನು ಮುಚ್ಚಿದೆ ಎಂದಷ್ಟೇ ಅರ್ಥ. ಪ್ರತಿ ಸೆಲ್ಲಿನಿಂದ ಅದೇ ಬೋರ್ಡಿಗೆ ಬರುವ ಸಣ್ಣ ತಂತಿಗಳಲ್ಲಿ ವಿದ್ಯುತ್ತು ಸದಾ ಇರುತ್ತದೆ. ಕಡಲ ನೀರು ಒಳಹೊಕ್ಕರೆ ಈ ತಂತಿಗಳ ನಡುವೆ ಸೇತುವೆ ಕಟ್ಟುತ್ತದೆ, ತಾಮ್ರ ಕರಗಿ ಇನ್ನೊಂದು ಕಡೆ ಎಳೆಎಳೆಯಾಗಿ ಬೆಳೆಯುತ್ತದೆ, ನೀರು ಆರಿದ ಮೇಲೂ ಆ ಲೋಹದ ಎಳೆಗಳು ಮತ್ತು ಉಪ್ಪಿನ ಪದರ ಸೋರಿಕೆಯ ದಾರಿಯಾಗಿ ಉಳಿದುಕೊಳ್ಳುತ್ತವೆ. ಚೀಲದ ಅಂಚಿನಲ್ಲಿ ಎಲ್ಲಾದರೂ ಗೀರು ಬಿದ್ದಿದ್ದರೆ ಅಲ್ಯೂಮಿನಿಯಂ ಹಾಳೆಯನ್ನೂ ಉಪ್ಪು ಕೊರೆಯುತ್ತದೆ. ತೂತು ಬಿದ್ದರೆ ಒಳಗಿನ ಲವಣವಾದ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ತೇವದೊಂದಿಗೆ ಸೇರಿ ಹೈಡ್ರೋಜನ್ ಫ್ಲೋರೈಡ್ ಎಂಬ ಅತ್ಯಂತ ವಿಷಕಾರಿ ಅನಿಲವನ್ನು ಹೊರಬಿಡುತ್ತದೆ.

ಇಷ್ಟಾದರೂ ಬೆಂಕಿ ತಕ್ಷಣ ಏಳಬೇಕೆಂದಿಲ್ಲ, ಅದೇ ಹೆಚ್ಚು ಆತಂಕದ ಸಂಗತಿ. ಸೋರಿಕೆಯ ಬಿಸಿ ಒಂದೇ ಬಿಂದುವಿನಲ್ಲಿ ನಿಧಾನವಾಗಿ ಕೂಡಿಬರುತ್ತದೆ. ಸುಮಾರು 80ರಿಂದ 120 ಡಿಗ್ರಿ ಸೆಲ್ಸಿಯಸ್ ನಡುವೆ ಸೆಲ್ಲಿನ ಒಳಗಿನ ರಕ್ಷಣಾ ಪದರ ಒಡೆಯತೊಡಗಿ ತಾನೇ ಶಾಖವನ್ನು ಹೊರಹಾಕುತ್ತದೆ. 130ರ ಆಸುಪಾಸಿನಲ್ಲಿ ಎರಡು ಧ್ರುವಗಳನ್ನು ಬೇರೆಯಾಗಿಟ್ಟಿರುವ ಪಾಲಿಎಥಿಲೀನ್ ಹಾಳೆ ಕರಗುತ್ತದೆ. ಅಲ್ಲಿಂದ ಮುಂದೆ ಬಿಸಿ ಬಿಸಿಯನ್ನೇ ಹೆಚ್ಚಿಸುತ್ತಾ ಹೋಗುವ ಸ್ಥಿತಿ ಬಂದು ಯಾರೂ ಅದನ್ನು ತಡೆಯಲಾರರು. 11.1 ವೋಲ್ಟಿನ 5000 ಮಿಲಿಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 55 ವ್ಯಾಟ್-ಅವರ್ ಶಕ್ತಿ ಇರುತ್ತದೆ; ಅರ್ಧ ಲೀಟರಿಗಿಂತ ಹೆಚ್ಚು ತಣ್ಣೀರನ್ನು ಕುದಿಸಲು ಅಷ್ಟು ಸಾಕು, ಸೆಲ್ಲಿನ ದ್ರಾವಕಗಳು ಹೊತ್ತಿಕೊಂಡರೆ ಬರುವ ಶಾಖ ಅದಕ್ಕೆ ಹೊರತಾದದ್ದು. 2022ರ ಸೆಪ್ಟೆಂಬರ್ ಕೊನೆಯಲ್ಲಿ ಇಯಾನ್ ಚಂಡಮಾರುತ ಅಮೆರಿಕದ ಫ್ಲಾರಿಡಾಕ್ಕೆ ಅಪ್ಪಳಿಸಿದಾಗ ಕಡಲ ನೀರಿನಲ್ಲಿ ಮುಳುಗಿದ್ದ ಕೆಲವು ವಿದ್ಯುತ್ ಕಾರುಗಳು ನೀರು ಇಳಿದು ದಿನಗಳು, ವಾರಗಳು ಕಳೆದ ಮೇಲೆ ಹೊತ್ತಿ ಉರಿದವು. ಗಾತ್ರ ಬೇರೆಯಾದರೂ ಡ್ರೋನ್ ಬ್ಯಾಟರಿಯ ರಸಾಯನವೂ ಅದೇ ಕುಲದ್ದು.

ಹಾಗಾದರೆ ಹೊರತೆಗೆದ ಬ್ಯಾಟರಿಯನ್ನು ಏನು ಮಾಡಬೇಕು? ಬಿಸಿ, ಉಬ್ಬು, ಸದ್ದು ಯಾವುದೂ ಇಲ್ಲದಿದ್ದರೆ ಹೊರಮೈ ಮತ್ತು ಪಿನ್‌ಗಳ ಮೇಲೆ ಧಾರಾಳವಾಗಿ ಸಿಹಿನೀರು ಸುರಿದು, ಮನೆ ಮತ್ತು ವಾಹನಗಳಿಂದ ದೂರದ ಬಯಲಿನಲ್ಲಿ, ಕಾಂಕ್ರೀಟ್ ಅಥವಾ ಮರಳಿನ ಮೇಲೆ, ಹತ್ತಿರ ಒಣಹುಲ್ಲು, ಕಾಗದ ಏನೂ ಇಲ್ಲದ ಜಾಗದಲ್ಲಿ ಇಡಬೇಕು. ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಇಡಬಾರದು; ಅನಿಲ ಹೊರಹೋಗಲು ದಾರಿ ಇಲ್ಲದಿದ್ದರೆ ಡಬ್ಬಿಯೇ ಸಿಡಿಯುತ್ತದೆ. ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಮನೆಗೆ ಬರುವುದು ತೀರಾ ಸಾಮಾನ್ಯವಾದ, ತೀರಾ ಅಪಾಯದ ತಪ್ಪು. ಕೆಲವು ದಿನ ಹಾಗೆಯೇ ಬಿಟ್ಟು, ಪೂರ್ತಿ ಒಣಗಿದ ಮೇಲೆ ಪಿನ್‌ಗಳಿಗೆ ಟೇಪ್ ಸುತ್ತಿ, ಲಿಥಿಯಂ ಬ್ಯಾಟರಿಗಳನ್ನು ಸ್ವೀಕರಿಸುವ ಇ-ತ್ಯಾಜ್ಯ ಕೇಂದ್ರಕ್ಕೆ, ನೀರಿನಲ್ಲಿ ಮುಳುಗಿದ್ದೆಂದು ಹೇಳಿಯೇ ಒಪ್ಪಿಸಬೇಕು. ಹಾನಿಗೊಂಡ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯಲು ಅಂತರರಾಷ್ಟ್ರೀಯ ನಿಯಮಗಳ ಅನುಮತಿ ಇಲ್ಲ. ಆದ್ದರಿಂದ ದುರಸ್ತಿಗೆಂದು ಡ್ರೋನನ್ನು ಪಾರ್ಸೆಲ್ ಮಾಡುವಾಗ ಇದನ್ನು ಜೊತೆಗೆ ಸೇರಿಸಬಾರದು. ಒಂದು ವೇಳೆ ಹೊತ್ತಿಕೊಂಡರೆ ಗಾಳಿ ಯಾವ ಕಡೆಯಿಂದ ಬೀಸಿ ಬರುತ್ತಿದೆಯೋ ಆ ಕಡೆಯಲ್ಲಿ ನಿಂತು, ಹೊಗೆಯಿಂದ ದೂರವಿದ್ದು, ಬೇಕಾದಷ್ಟು ನೀರು ಸುರಿದು ತಣಿಸಬೇಕು. ಇಲ್ಲಿ ನೀರಿನ ಕೆಲಸ ಮುಖ್ಯವಾಗಿ ಶಾಖವನ್ನು ಎಳೆದುಕೊಂಡು ಪಕ್ಕದ ಸೆಲ್‌ಗಳಿಗೆ ಹಬ್ಬದಂತೆ ಮಾಡುವುದು.

ಬಕೆಟ್ಟಿನಲ್ಲಿ ಉಪ್ಪುನೀರು ಕಲಸಿ ಅದರಲ್ಲಿ ಬ್ಯಾಟರಿಯನ್ನು ಮುಳುಗಿಸಿಟ್ಟರೆ ಚಾರ್ಜ್ ಖಾಲಿಯಾಗುತ್ತದೆಂಬ ಸಲಹೆಯೂ ಹವ್ಯಾಸಿಗಳ ನಡುವೆ ಓಡಾಡುತ್ತದೆ. ಮೇಲೆ ಹೇಳಿದ ಕನೆಕ್ಟರನ್ನು ನೆನಪಿಸಿಕೊಂಡರೆ ಇದರ ದೋಷ ತಿಳಿಯುತ್ತದೆ: ಧನ ತುದಿ ಕರಗಿಹೋದ ಮೇಲೆ ವಿದ್ಯುತ್ತು ಹರಿಯುವುದು ನಿಲ್ಲುತ್ತದೆ, ಚಾರ್ಜ್ ಮಾತ್ರ ಒಳಗೆ ಹಾಗೆಯೇ ಉಳಿಯುತ್ತದೆ. ಕಾವಲು ಬೋರ್ಡ್ ಇರುವ ಬ್ಯಾಟರಿಯಲ್ಲಿ ಹೊರ ಪಿನ್‌ಗಳೇ ಮುಚ್ಚಿರುವುದರಿಂದ ಆ ದಾರಿಯಿಂದ ಖಾಲಿಯಾಗುವ ಪ್ರಶ್ನೆಯೇ ಇಲ್ಲ. ಇನ್ನು ಕೆಲವರು ಕವಚ ಒಡೆದು, ಬೋರ್ಡ್ ತೊಳೆದು, ಸೆಲ್‌ಗಳನ್ನು ಮಲ್ಟಿಮೀಟರಿನಿಂದ ಅಳೆದು, ಎಲ್ಲವೂ ಸಮವಾಗಿ ತೋರಿತೆಂದು ಮತ್ತೆ ಚಾರ್ಜಿಗೆ ಹಾಕುತ್ತಾರೆ. ಮಲ್ಟಿಮೀಟರ್ ಹೇಳುವುದು ಆ ಕ್ಷಣದ ವೋಲ್ಟೇಜನ್ನು ಮಾತ್ರ. ಚೀಲದ ಅಂಚಿನಲ್ಲಿ ಶುರುವಾಗಿರುವ ಕೊರೆತ ಅದಕ್ಕೆ ಕಾಣುವುದಿಲ್ಲ.

ಬ್ಯಾಟರಿಯನ್ನು ಬೇರ್ಪಡಿಸಿದ ಮೇಲೆ ಡ್ರೋನಿನ ದೇಹದ ಕಡೆಗೆ ಬರೋಣ. ಇಲ್ಲಿ ಕೇಳಿದವರಿಗೆ ವಿಚಿತ್ರವೆನಿಸುವ ಒಂದು ನಿಯಮವಿದೆ: ತೊಳೆಯುವ ಅನುಕೂಲ ಸಿಗುವವರೆಗೆ ಅದನ್ನು ಒಣಗಲು ಬಿಡಬಾರದು, ಸಿಹಿನೀರಿನಲ್ಲಿ ಮುಳುಗಿಸಿಯೇ ಇಟ್ಟುಕೊಳ್ಳಬೇಕು. ಒಣಗಿದರೆ ಉಪ್ಪು ಹರಳುಗಟ್ಟಿ ಬೋರ್ಡಿನ ಚಿಪ್‌ಗಳ ಕೆಳಗಿನ ಇಕ್ಕಟ್ಟಿನಲ್ಲಿ ಕೂರುತ್ತದೆ, ತೇವವೂ ಗಾಳಿಯೂ ಒಟ್ಟಿಗೆ ಸಿಕ್ಕ ಲೋಹ ವೇಗವಾಗಿ ತುಕ್ಕು ಹಿಡಿಯುತ್ತದೆ. ಕಡಲಿಗೆ ಬಿದ್ದ ವಿಮಾನಗಳ ಬ್ಲ್ಯಾಕ್ ಬಾಕ್ಸ್‌ಗಳನ್ನು ಮೇಲೆತ್ತಿದ ಮೇಲೆ ಪ್ರಯೋಗಾಲಯಕ್ಕೆ ನೀರಿನಲ್ಲಿ ಮುಳುಗಿಸಿಯೇ ಸಾಗಿಸುವುದು ಇದೇ ತತ್ವದ ಮೇಲೆ. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದಲ್ಲಿ ಪತನವಾದ ಏರ್ ಫ್ರಾನ್ಸ್ 447 ವಿಮಾನದ ದಾಖಲೆ ಪೆಟ್ಟಿಗೆಗಳು ಸುಮಾರು 3,900 ಮೀಟರ್ ಆಳದಲ್ಲಿ ಎರಡು ವರ್ಷಗಳ ಹತ್ತಿರ ಬಿದ್ದಿದ್ದು, 2011ರ ಮೇ ತಿಂಗಳಲ್ಲಿ ಮೇಲೆ ಬಂದಾಗ ಅವುಗಳ ಮೆಮೊರಿಯನ್ನು ಓದಲು ಸಾಧ್ಯವಾಯಿತು. ಆ ಮೆಮೊರಿಗೆ ಗಟ್ಟಿ ಕವಚವಿತ್ತೆಂಬುದು ಸರಿ. ಆದರೂ ವಿದ್ಯುತ್ತಿಲ್ಲದೆ ಮಲಗಿದ ಚಿಪ್ ನೀರಿನಲ್ಲಿ ಎಷ್ಟು ಕಾಲ ತಾಳಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಹಾಗೆಯೇ ಡ್ರೋನಿನ ಮೆಮೊರಿ ಕಾರ್ಡನ್ನು ಬೇಗ ಹೊರತೆಗೆದು ಸಿಹಿನೀರಿನಲ್ಲಿ ಜಾಲಿಸಿ, ಒಂದೆರಡು ದಿನ ಆರಿಸಿದರೆ ಅದರೊಳಗಿನ ಚಿತ್ರಗಳು ಸಾಮಾನ್ಯವಾಗಿ ಉಳಿಯುತ್ತವೆ.

ತೊಳೆಯುವುದೆಂದರೆ ನಲ್ಲಿಯ ಕೆಳಗೆ ಹಿಡಿಯುವುದಲ್ಲ. ಹರಿಯುವ ನೀರು ತೆರೆದ ಮೇಲ್ಮೈಯನ್ನು ತೊಳೆಯುತ್ತದೆ, ಇಕ್ಕಟ್ಟಿನೊಳಗೆ ಸಿಕ್ಕಿಕೊಂಡ ನೀರು ಅಲ್ಲಿಯೇ ಉಳಿಯುತ್ತದೆ. ಪಾತ್ರೆಯಲ್ಲಿ ಮುಳುಗಿಸಿ, ಅಲುಗಾಡಿಸಿ, ನೀರು ಬದಲಿಸಿ ಮತ್ತೆ ಮುಳುಗಿಸುವ ಕ್ರಮ ಉತ್ತಮ. ಡ್ರೋನಿನೊಳಗೆ 5 ಮಿಲಿಲೀಟರ್ ಕಡಲ ನೀರು ಉಳಿದಿದೆ ಎಂದುಕೊಳ್ಳಿ. ಅದರಲ್ಲಿ ಸುಮಾರು 175 ಮಿಲಿಗ್ರಾಂ ಉಪ್ಪಿದೆ. ಒಂದು ಲೀಟರ್ ಸಿಹಿನೀರಿನಲ್ಲಿ ಮುಳುಗಿಸಿ ಎಲ್ಲ ಕಡೆ ಸಮವಾಗಿ ಬೆರೆತರೆ ಒಳಗೆ ಉಳಿಯುವುದು ಒಂದು ಮಿಲಿಗ್ರಾಮಿಗಿಂತ ಕಡಿಮೆ. ಎರಡನೆಯ ಸಲ ಹೊಸ ನೀರಿನಲ್ಲಿ ಮುಳುಗಿಸಿದರೆ ಅದು ಮಿಲಿಗ್ರಾಮಿನ ಸಾವಿರದ ನಾಲ್ಕೈದು ಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಒಂದೇ ದೊಡ್ಡ ತೊಟ್ಟಿಗಿಂತ ಮೂರು ನಾಲ್ಕು ಸಣ್ಣ ಪಾತ್ರೆಗಳು ಹೆಚ್ಚು ಕೆಲಸ ಮಾಡುತ್ತವೆ. ಆದರೆ ಈ ಲೆಕ್ಕದ ಬೆನ್ನೆಲುಬು ಸಮವಾಗಿ ಬೆರೆಯುವುದರಲ್ಲಿದೆ. ಅಲುಗದ ನೀರಿನಲ್ಲಿ ಉಪ್ಪು ತೀರಾ ನಿಧಾನವಾಗಿ ಹರಡುತ್ತದೆ. 5 ಮಿಲಿಮೀಟರ್ ಆಳದ ಸಂದಿನಿಂದ ತಾನಾಗಿ ಹೊರಬರಲು ಅದಕ್ಕೆ ಗಂಟೆಗಳೇ ಬೇಕು. ಉಗುರುಬೆಚ್ಚಗಿನ ನೀರು, ಮೃದುವಾದ ಹಲ್ಲುಜ್ಜುವ ಬ್ರಷ್ಷು, ಆಗಾಗ ಮೇಲೆ ಕೆಳಗೆ ಆಡಿಸುವುದು, ಇವಿಷ್ಟೂ ಆ ಸಮಯವನ್ನು ಕಡಿಮೆ ಮಾಡಲಿಕ್ಕೆ. ಕೊನೆಯ ಎರಡು ಮುಳುಗನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಬೇಕು. ನಲ್ಲಿ ನೀರಿನಲ್ಲೂ ಅದರದೇ ಲವಣಗಳಿರುತ್ತವೆ.

ಬಿಚ್ಚದೆ ತೊಳೆದರೆ ಅರ್ಧ ಕೆಲಸವೂ ಆಗುವುದಿಲ್ಲ. ಮೇಲ್ಕವಚ ತೆಗೆದು, ಪ್ರತಿ ಹಂತದ ಫೋಟೊ ತೆಗೆದುಕೊಂಡು, ಬೋರ್ಡುಗಳನ್ನು ಬೇರ್ಪಡಿಸಬೇಕು. ಬೋರ್ಡಿನ ಮೇಲೆ ಚೌಕಾಕಾರದ ತಗಡಿನ ಮುಚ್ಚಳಗಳು ಕಾಣುತ್ತವೆ. ರೇಡಿಯೊ ಅಲೆಗಳು ಹೊರಬೀಳದಂತೆ ತಡೆಯುವ ಇವುಗಳ ಕೆಳಗೆ ಉಪ್ಪುನೀರು ಬಾವಿಯಂತೆ ನಿಂತಿರುತ್ತದೆ, ಕಳಚಲು ಬರುವಂಥವನ್ನು ಕಳಚಿಯೇ ತೊಳೆಯಬೇಕು. ಎತ್ತರ ಅಳೆಯುವ ಒತ್ತಡದ ಸೆನ್ಸರಿನ ಮೇಲೆ ಒಂದು ಸೂಜಿಮೊನೆಯಷ್ಟು ರಂಧ್ರವಿರುತ್ತದೆ. ಅಲ್ಲಿಗೆ ಬ್ರಷ್ಷಾಗಲಿ ಜೋರಾದ ಗಾಳಿಯಾಗಲಿ ತಾಗಬಾರದು. ಕನ್ನಡಕ, ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರದಲ್ಲಿ ಇಡೀ ಬೋರ್ಡನ್ನು ಮುಳುಗಿಸುವ ಆಸೆ ಬರುತ್ತದೆ, ಆದರೆ ಡ್ರೋನಿನ ಸಮತೋಲ ಕಾಯುವ ಜೈರೊಸ್ಕೋಪ್ ತಾನೇ ಸೂಕ್ಷ್ಮವಾಗಿ ಕಂಪಿಸುವ ಯಂತ್ರವಾದ್ದರಿಂದ ಆ ಕಂಪನಕ್ಕೆ ಅದು ಒಡೆಯಬಹುದು.

ನೀರಿನ ಸರದಿ ಮುಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್. ಇದು ಉಪ್ಪನ್ನೂ ತೊಳೆಯುತ್ತದೆಂಬ ತಪ್ಪು ತಿಳಿವಳಿಕೆ ಬಲವಾಗಿದೆ. ಆದರೆ ಶುದ್ಧ ಆಲ್ಕೋಹಾಲಿನಲ್ಲಿ ಉಪ್ಪು ಕರಗುವುದೇ ಇಲ್ಲವೆನ್ನಬಹುದು, ಆದ್ದರಿಂದ ನೀರಿನಲ್ಲಿ ತೊಳೆಯದೆ ನೇರವಾಗಿ ಇದನ್ನು ಸುರಿದರೆ ಉಪ್ಪು ಇದ್ದಲ್ಲೇ ಗಟ್ಟಿಯಾಗಿ ಕೂರುತ್ತದೆ. ಇದರ ಕೆಲಸ ಚಿಪ್‌ಗಳ ಕೆಳಗೆ ಉಳಿದ ನೀರನ್ನು ತನ್ನೊಳಗೆ ಬೆರೆಸಿಕೊಂಡು ಹೊರಗೆ ತರುವುದು, ಬಳಿಕ ಬೇಗ ಆವಿಯಾಗುವುದು. ಶೇ. 99ರ ಶುದ್ಧತೆಯದೇ ಬೇಕು. ಇದು ಸುಲಭವಾಗಿ ಹೊತ್ತಿಕೊಳ್ಳುವ ದ್ರವವಾದ್ದರಿಂದ ಒಲೆ, ಹೀಟರ್ ಇರುವ ಕೋಣೆಯಲ್ಲಿ ಬಳಸಬಾರದು. ಆಮೇಲೆ ಫ್ಯಾನಿನ ಗಾಳಿಗೆ, 45ರಿಂದ 50 ಡಿಗ್ರಿ ಮೀರದ ಬಿಸಿಯಲ್ಲಿ, ಎರಡು ದಿನ ಆರಬೇಕು.

ಮೋಟಾರುಗಳು ನೋಡಲು ಗಟ್ಟಿಮುಟ್ಟಾದರೂ ಅವುಗಳ ಒಳಗಿನ ನಿಯೋಡಿಮಿಯಂ ಆಯಸ್ಕಾಂತಗಳು ಲೇಪನ ಕಿತ್ತಲ್ಲಿ ಬೇಗ ತುಕ್ಕು ಹಿಡಿದು ಉಬ್ಬುತ್ತವೆ, ಉಕ್ಕಿನ ಬೇರಿಂಗ್‌ಗಳು ಮರಳಿನೊಡನೆ ಕರಕರ ಸದ್ದು ಮಾಡತೊಡಗುತ್ತವೆ. ತೊಳೆದು ಆರಿಸಿ ಬೇರಿಂಗಿಗೆ ಒಂದು ಹನಿ ತೆಳು ಎಣ್ಣೆ ಬಿಟ್ಟು ಬೆರಳಿನಿಂದ ತಿರುಗಿಸಿ ನೋಡಬೇಕು. ಎಲ್ಲಾದರೂ ತಡೆದಂತೆ ಅನಿಸಿದರೆ ಬದಲಿಸುವುದೇ ಸರಿ. ಕ್ಯಾಮೆರಾ ಮತ್ತು ಅದನ್ನು ಅಲುಗದಂತೆ ಹಿಡಿಯುವ ಗಿಂಬಲ್ ಬದುಕುವುದು ಕಡಿಮೆ. ಲೆನ್ಸಿನೊಳಗೆ ಹೋದ ನೀರು ಬಿಟ್ಟುಹೋಗುವ ಮಂಜನ್ನು ಮನೆಯಲ್ಲಿ ಒರೆಸಿ ತೆಗೆಯಲಾಗದು.

ಮರುಜೋಡಣೆಯಾದ ಕೂಡಲೇ ಹೊಸ ಬ್ಯಾಟರಿ ಸಿಕ್ಕಿಸುವ ಅವಸರ ಬೇಡ. ಮೊದಲು ಬ್ಯಾಟರಿ ಕೂರುವ ಜಾಗದ ಎರಡು ಪಿನ್‌ಗಳ ನಡುವೆ ಮಲ್ಟಿಮೀಟರ್ ಇಟ್ಟು ನೇರ ಶಾರ್ಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ವಿದ್ಯುತ್ ಮಿತಿಯನ್ನು ಹೊಂದಿಸಬಹುದಾದ ಪವರ್ ಸಪ್ಲೈ ಇದ್ದರೆ ಅದರಿಂದ, ಬಿಡಿಭಾಗಗಳಿಂದ ಕಟ್ಟಿದ ಡ್ರೋನಾದರೆ ದಾರಿಯ ನಡುವೆ ಒಂದು ಬಲ್ಬನ್ನು ಸೇರಿಸಿ, ಪ್ರೊಪೆಲ್ಲರ್‌ಗಳನ್ನು ಕಳಚಿಟ್ಟು ಆನ್ ಮಾಡಬೇಕು; ಬಲ್ಬು ಪ್ರಕಾಶವಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಉಳಿದಿದೆ ಎಂದರ್ಥ, ಬೋರ್ಡು ಸುಡುವ ಮೊದಲೇ ಅದು ತಿಳಿಯುತ್ತದೆ. ದಿಕ್ಸೂಚಿ ಮತ್ತು ಸಮತೋಲ ಸೆನ್ಸರುಗಳನ್ನು ಹೊಸದಾಗಿ ಹೊಂದಿಸಿ, ಹುಲ್ಲಿನ ಮೇಲೆ ಸೊಂಟದೆತ್ತರದಲ್ಲಿ ಕೆಲವು ನಿಮಿಷ ನಿಲ್ಲಿಸಿ, ಇಳಿಸಿದ ಕೂಡಲೇ ನಾಲ್ಕೂ ಮೋಟಾರುಗಳನ್ನು ಮುಟ್ಟಿ ನೋಡಬೇಕು. ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅದರ ಬೇರಿಂಗಿನಲ್ಲೋ ಅದನ್ನು ನಡೆಸುವ ಬೋರ್ಡಿನಲ್ಲೋ ದೋಷವಿದೆ. ನಾಲ್ಕು ಮೋಟಾರುಗಳ ಡ್ರೋನಿನಲ್ಲಿ ಒಂದು ನಿಂತರೂ ಸಾಮಾನ್ಯವಾಗಿ ಅದು ನೆಲಕ್ಕೆ ಬೀಳುತ್ತದೆ, ಹೀಗಾಗಿ ಒಮ್ಮೆ ಕಡಲು ಕಂಡ ಡ್ರೋನನ್ನು ಜನರ ತಲೆಯ ಮೇಲೆ ಹಾರಿಸುವುದನ್ನು ನಾನು ಒಪ್ಪುವುದಿಲ್ಲ, ಅದು ಎಷ್ಟೇ ಚೆನ್ನಾಗಿ ಹಾರುತ್ತಿರಲಿ.

ಸುಮಾರು ಒಂದು ತಿಂಗಳ ಬಳಿಕ ಕವಚವನ್ನು ಇನ್ನೊಮ್ಮೆ ತೆರೆದು, ಭೂತಗನ್ನಡಿ ಹಿಡಿದು, ಮೊದಲು ಬ್ಯಾಟರಿ ಕನೆಕ್ಟರಿನ ಧನ ಪಿನ್ನಿನ ಬುಡವನ್ನು, ಆಮೇಲೆ ತಗಡಿನ ಮುಚ್ಚಳಗಳ ಅಂಚನ್ನು ನೋಡಬೇಕು. ಅಲ್ಲಿ ಹೊಸದಾಗಿ ಹಸಿರು ಚುಕ್ಕೆ ಕಂಡರೆ ಉಪ್ಪು ಇನ್ನೂ ಉಳಿದಿದೆ. ಬೋರ್ಡನ್ನು ಮತ್ತೆ ಹೊರತೆಗೆದು ಮೊದಲನೆಯ ಪಾತ್ರೆಯಿಂದಲೇ ತೊಳೆಯಲು ಶುರುಮಾಡಬೇಕು.